ಸರದಿ

ಮಗಳು-ಅಳಿಯ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದಾಗ ಮೊಮ್ಮಗನಿಗೆ ಏಳು ವರ್ಷ. ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ 1956ರ ಕಾಯಿದೆಯ ಪ್ರಕಾರ ಐದು ತುಂಬುವವರೆಗೆ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಆಮೇಲೆ? ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಎನ್ನುತ್ತದೆ ಅದೇ ಕಾಯಿದೆ.

ಆ ಹಿತವನ್ನು ಬರೆದಿಡಲು ಇಬ್ಬರೂ ಕೆ.ಆರ್.ಎಸ್.ನ ನಮ್ಮ ಮನೆಯಲ್ಲಿ ಕುಳಿತರು. ನನ್ನ ಅಕ್ಷರ ದುಂಡಗಿದೆಯೆಂದು ಪೆನ್ನು ನನ್ನ ಕೈಗೆ ಬಂತು. ಶಾಲೆಯ ದಿನಗಳಲ್ಲಿ ಅಮ್ಮನ ಹತ್ತಿರ, ಎರಡನೆಯ, ನಾಲ್ಕನೆಯ ಶನಿವಾರ-ಭಾನುವಾರ ಅಪ್ಪನ ಹತ್ತಿರ, ದಸರಾ ರಜೆ ಅರ್ಧರ್ಧ, ಫೀಸು ಸಮಪಾಲು. ವೇಳಾಪಟ್ಟಿ ಹಾಕುವುದು ನನಗೇನು ಹೊಸದೇ? ಸಲೀಸಾಗಿ ಬರೆದೆ.

ಜಗುಲಿಯಲ್ಲಿ ಆಡುತ್ತಿದ್ದ ಹುಡುಗ ಒಳಗೆ ಬಂದು ಕೇಳಿದ: "ಅಜ್ಜಿ, ಅಪ್ಪನ ಸರದೀಲಿ ನಂಗೆ ಜ್ವರ ಬಂದ್ರೆ ಅಮ್ಮ ಬರಂಗಿಲ್ವಾ?"

ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಬಿಡುವ ಸೀಮೆಯ ಮಗು. ಸರದಿ ಎಂದರೇನೆಂದು ಅವನಿಗೆ ಗೊತ್ತಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅಳಿಯನೇ, "ಬರೀರಿ ಅತ್ತೆ, ಕಾಯಿಲೆಗೆ ಸರದಿಯಿಲ್ಲ" ಎಂದರು. ಬರೆದೆ. ಆ ಸಾಲು ಮಾತ್ರ ದುಂಡಗೆ ಬರಲಿಲ್ಲ.

ಕಳೆದ ಆಷಾಢದಲ್ಲಿ ಹುಡುಗ ಅಪ್ಪನ ಮನೆಯಲ್ಲಿದ್ದಾಗ ಜ್ವರ ಬಂತು. ಮಗಳು ರಾತ್ರಿಯೇ ಹೋದಳು. ಬಾಗಿಲು ತೆರೆದೇ ಇತ್ತಂತೆ.