ಊಟಕ್ಕೆ ಬಾರದ ಸಾಕ್ಷಿ

ಕೋಲಾರದ ಕಡೆಯ ಮದುವೆಗಳಲ್ಲಿ ಸಾಕ್ಷಿಗಳಿಗೆ ಬರವಿಲ್ಲ. ಅಗ್ನಿ ಸಾಕ್ಷಿ, ಅರುಂಧತಿ ನಕ್ಷತ್ರ ಸಾಕ್ಷಿ, ಓಲಗದವರು ಸಾಕ್ಷಿ, ಪಾಯಸ ಸಾಲದೆಂದು ಗೊಣಗಿದವರೂ ಸಾಕ್ಷಿ. ಗಂಡಿನ ಮನೆ ಬಂಗಾರಪೇಟೆ, ಹೆಣ್ಣಿನ ಮನೆ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಆದರಂತೂ ಕೇಳುವುದೇ ಬೇಡ. ನಡುವೆ ಇರುವುದು 1894ರಿಂದ ಓಡುತ್ತಿರುವ ಕವಲು ರೈಲು, ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರ್. ಬೆಳಗಿನ ಗಾಡಿಗೆ ಬಂದವರು ಉಂಡು, ತಾಂಬೂಲ ಹಿಡಿದು, ಸಂಜೆಯ ಗಾಡಿಗೆ ಮನೆ ಸೇರುತ್ತಾರೆ. ಇವರಿಬ್ಬರೂ ಗಂಡ ಹೆಂಡತಿ ಹೌದೋ ಅಲ್ಲವೋ ಎಂದು ಯಾರೂ ಕಾಗದ ಕೇಳುವುದಿಲ್ಲ.

ಆದರೆ ಆ ಗಂಡು ಕೆನಡಾದಲ್ಲಿ ಕೆಲಸ ಮಾಡಿ, ಅಲ್ಲಿ ಕಾಯಂ ವಾಸದ ಹಕ್ಕು ಪಡೆದವನಾಗಿದ್ದರೆ ಮಾತು ಬೇರೆ. ಹೆಂಡತಿಯನ್ನು ಕರೆಸಿಕೊಳ್ಳಲು ಅವನು ಅರ್ಜಿ ಹಾಕಬೇಕು. ಅದನ್ನು ಓದುವ ಅಧಿಕಾರಿ ಈ ಮದುವೆಗೆ ಬಂದವರಲ್ಲ, ಎಲೆಯ ಮುಂದೆ ಕೂತವರಲ್ಲ. ಅವರ ಮುಂದಿರುವುದು ಕಾಗದ ಮಾತ್ರ. ಕಾಗದದಲ್ಲಿ ಕಂಡದ್ದೇ ಮದುವೆ.

ಹೀಗೊಂದು ಅರ್ಜಿ ಸಿದ್ಧವಾದದ್ದು ಚಾಂಪಿಯನ್ ರೀಫ್‌ನ ಹಳೆಯ ಗಣಿ ಲೈನಿನ ಎರಡು ಕೋಣೆಯ ಮನೆಯಲ್ಲಿ. ಹುಡುಗಿ ಬಿ.ಎಸ್‌ಸಿ. ಓದಿದವಳು. ತಂದೆ ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ನೆಲದಡಿಯ ಕೆಲಸ ಮಾಡಿದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಾವಲುಗಾರರಾದರು. ಅಳಿಯ ಬಂಗಾರಪೇಟೆಯವನು, ಟೊರಾಂಟೊದಲ್ಲಿ ನೌಕರಿ. ಮದುವೆಯಾಗಿ ಐದನೇ ವಾರಕ್ಕೆ ರಜೆ ಮುಗಿದು ಅವನು ವಿಮಾನ ಹತ್ತಿದ. ಅವಳು ಫೈಲು ಬಿಚ್ಚಿದಳು.

ಇಂಥ ಅರ್ಜಿ ಒಂದಲ್ಲ, ಎರಡು. ಕರೆಸಿಕೊಳ್ಳುವವನದು ಒಂದು, ಹೋಗುವವಳದು ಇನ್ನೊಂದು. ಎರಡೂ ಒಟ್ಟಿಗೇ ಹೋಗಬೇಕು. ಹೆಂಡತಿಗೆ ಕಾಯಂ ವಾಸದ ಹಕ್ಕು ಸಿಕ್ಕ ದಿನದಿಂದ ಮೂರು ವರ್ಷ ಅವಳ ಊಟ, ಬಟ್ಟೆ, ವಸತಿಯ ಹೊಣೆ ತನ್ನದೆಂದು ಗಂಡ ಬರೆದುಕೊಡುತ್ತಾನೆ. ಆ ಅವಧಿಯಲ್ಲಿ ಅವಳು ಸರ್ಕಾರದ ನೆರವಿಗೆ ಕೈಚಾಚಬೇಕಾಗಿ ಬಂದರೆ ಆ ಹಣವನ್ನು ಅವನಿಂದ ವಸೂಲು ಮಾಡಬಹುದು. ನಡುವೆ ಸಂಸಾರ ಮುರಿದರೂ ಈ ಹೊಣೆ ತಪ್ಪುವುದಿಲ್ಲ. ಹೆಣ್ಣು ಹೆತ್ತವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. 2012ರಿಂದ 2017ರವರೆಗೆ, ಹೊಸದಾಗಿ ಮದುವೆಯಾಗಿ ಹೋದ ಅನೇಕರು ಎರಡು ವರ್ಷ ಜೊತೆಯಲ್ಲೇ ಬಾಳಬೇಕು, ಇಲ್ಲವಾದರೆ ವಾಸದ ಹಕ್ಕಿಗೇ ಕುತ್ತು ಎಂಬ ಷರತ್ತಿತ್ತು. ಹಿಂಸೆ ಸಹಿಸಿಕೊಂಡು ಉಳಿಯುವ ಹೆಂಗಸರ ಕಷ್ಟ ಕಂಡು, 2017ರಲ್ಲಿ ಅದನ್ನು ತೆಗೆದುಹಾಕಿದರು.

ಅಧಿಕಾರಿ ಕೇಳಿಕೊಳ್ಳುವ ಮುಖ್ಯ ಪ್ರಶ್ನೆ ಎರಡು. ಈ ಸಂಬಂಧ ನಿಜವೇ? ವಲಸೆಯ ಲಾಭಕ್ಕೆಂದೇ ಮಾಡಿಕೊಂಡದ್ದೇ? ಎರಡರಲ್ಲಿ ಯಾವುದಕ್ಕೆ ಉತ್ತರ ತಪ್ಪಿದರೂ ಅರ್ಜಿ ಬೀಳುತ್ತದೆ.

ಮದುವೆ ನೋಂದಣಿ ಕಷ್ಟವಾಗಲಿಲ್ಲ. ಎಲ್ಲ ಧರ್ಮದವರ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಸೀಮಾ ಪ್ರಕರಣದಲ್ಲಿ ಹೇಳಿದ ಮೇಲೆ ಜನರಿಗೂ ಅದರ ರೂಢಿಯಾಗಿದೆ. ಲಗ್ನಪತ್ರಿಕೆ, ಫೋಟೋ, ಸಾಕ್ಷಿಗಳ ಸಹಿ ಕೊಟ್ಟು ಪ್ರಮಾಣಪತ್ರ ತಂದದ್ದಾಯಿತು. ತೊಡಕು ಹುಟ್ಟಿದ್ದು ಮದುವೆಯಲ್ಲಲ್ಲ, ಅಪ್ಪನ ಹೆಸರಿನಲ್ಲಿ.

ಹೋಗುವವಳ ತಂದೆ ತಾಯಿ, ಒಡಹುಟ್ಟಿದವರ ಹೆಸರು, ಹುಟ್ಟಿದ ದಿನಾಂಕಗಳನ್ನು ಬರೆಯಲು ಒಂದು ನಮೂನೆಯಿದೆ. ಆ ನಮೂನೆ ತುಂಬಲು ಕುಳಿತಾಗ ಟ್ರಂಕಿನಿಂದ ನಾಲ್ಕು ಕಾಗದ ಹೊರಬಂದವು. ಜನನ ಪತ್ರದಲ್ಲಿ ತಂದೆಯ ಹೆಸರು ತಮಿಳಿನಂತೆ 'ನ್' ಎಂದು ಮುಗಿದಿತ್ತು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅದೇ ಹೆಸರಿಗೆ 'ಅಪ್ಪ' ಸೇರಿ ಅಚ್ಚ ಕನ್ನಡವಾಗಿತ್ತು. ಗಣಿಯ ಸೇವಾ ಪುಸ್ತಕದಲ್ಲಿ ಹೆಸರಿನ ಹಿಂದೆ ತಾತನ ಇನಿಷಿಯಲ್ ಇತ್ತು. ಆಧಾರ್ ಕಾರ್ಡಿನಲ್ಲಿ ಇಂಗ್ಲಿಷ್ ಕಾಗುಣಿತವೇ ಬೇರೆ.

ತಾಯಿ ನಕ್ಕರು: "ನಾಲ್ಕು ಕಾಗದ, ನಾಲ್ಕು ಗಂಡಂದಿರು. ನನಗೇ ಗೊತ್ತಿರಲಿಲ್ಲ!"

ಚಿನ್ನದ ಗಣಿಯ ಊರಿನಲ್ಲಿ ಇದು ಅಚ್ಚರಿಯಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿಗಾರರು ಬಂದರು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರಿನ ಕಡೆಯಿಂದ ಕೂಲಿಯವರು ಬಂದರು. ಮನೆಯ ಮಾತು ತಮಿಳೋ ತೆಲುಗೋ, ಗಣಿಯ ಬರಹ ಇಂಗ್ಲಿಷ್, ಸರ್ಕಾರದ್ದು ಕನ್ನಡ. ಒಂದೇ ಹೆಸರು ಮೂರು ಲಿಪಿಗಳ ಮೂಲಕ ಹಾಯುವಾಗ ಒಂದೆಡೆ ಬಾಲ ಕಳೆದುಕೊಳ್ಳುತ್ತಿತ್ತು, ಇನ್ನೊಂದೆಡೆ ಕೊಂಬು ಪಡೆಯುತ್ತಿತ್ತು. ಹುಡುಗಿಯನ್ನು ಒಂದನೇ ತರಗತಿಗೆ ಸೇರಿಸಿದ್ದು ಗಣಿ ಮುಚ್ಚಿದ ಆ 2001ರ ಜೂನ್‌ನಲ್ಲಿ. ಕೆಲಸ ಹೋದ ಅಪ್ಪ ಸಾಲಿನಲ್ಲಿ ನಿಂತು ಬಾಯಲ್ಲಿ ಹೆಸರು ಹೇಳಿದರು, ಬರೆದವರು ಕಿವಿಗೆ ಬಿದ್ದಂತೆ ಬರೆದರು. ತಂದೆಯ ಉದ್ಯೋಗ ಎಂಬಲ್ಲಿ ಗಣಿ ಕಾರ್ಮಿಕ ಎಂದೇ ಬಿತ್ತು. ಆ ದಿನ ಅವರಿಗಿದ್ದ ಚಿಂತೆ ಹೆಸರಿನ ಕಾಗುಣಿತದ್ದಲ್ಲ.

ಶಾಲೆಯ ರಿಜಿಸ್ಟರಿನಿಂದ ಅಂಕಪಟ್ಟಿಗೆ, ಅಂಕಪಟ್ಟಿಯಿಂದ ಪಾಸ್‌ಪೋರ್ಟಿಗೆ ಆ ಹೆಸರು ನಡೆದು ಬಂತು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯದು, ಬಿಡಿಸಿ ಬರೆಯಬೇಕು; ಹೀಗೆ ಶಾಲೆ ಕೊಟ್ಟ ಅಪ್ಪನ ಹೆಸರೇ ಮಗಳ ಮನೆತನದ ಹೆಸರಾಯಿತು. ಇಪ್ಪತ್ತು ವರ್ಷ ಸುಮ್ಮನಿದ್ದ ಒಂದು 'ನ್' ಈಗ ಎದ್ದು ಕೂತಿತ್ತು.

ಆಗ ಬಂದವನು ಏಜೆಂಟ್. "ಇದೇನು ದೊಡ್ಡ ವಿಷಯಾನಾ ಯಜಮಾನ್ರೇ? ಜನನ ಪತ್ರ ಹೊಸದು ಮಾಡಿಸಿಬಿಡೋಣ. ಎಲ್ಲಾ ಒಂದೇ ಥರ ಇದ್ರೆ ಯಾರೂ ಕೇಳಲ್ಲ" ಎಂದ. ಇನ್ನೂ ಮುಂದೆ ಹೋಗಿ, ಗಂಡ ಹೆಂಡತಿ ಐದೇ ವಾರ ಜೊತೆಗಿದ್ದದ್ದು ಸಾಲದು, ಆರು ತಿಂಗಳು ಬಾಡಿಗೆ ಮನೆಯಲ್ಲಿದ್ದಂತೆ ಒಂದು ಕರಾರುಪತ್ರವನ್ನೂ ಹುಟ್ಟಿಸಬಹುದು ಎಂದ.

ಅಪ್ಪ ಒಪ್ಪಲು ತಯಾರಾಗಿದ್ದರು. "ನನ್ನ ಹೆಸರು ಬರೆಯೋಕೆ ಯಾರಿಗೂ ಬರ್ಲಿಲ್ಲ ಅಂತ ನಿನ್ನ ಸಂಸಾರ ನಿಲ್ಬಾರ್ದಮ್ಮಾ. ಎಲ್ಲಿ ಬೇಕಾದ್ರೂ ರುಜು ಹಾಕ್ತೀನಿ" ಎಂದರು. ನೆಲದಡಿ ಬೆನ್ನು ಬಗ್ಗಿಸಿ ದುಡಿದವರು ಈಗ ತಮ್ಮ ಹೆಸರನ್ನೇ ಬಿಟ್ಟುಕೊಡಲು ಸಿದ್ಧರಾಗಿದ್ದರು.

ಮಗಳು ಒಪ್ಪಲಿಲ್ಲ. ವಿಜ್ಞಾನ ಓದಿದ ಮಕ್ಕಳಿಗೆಲ್ಲ ಸರಳ ಲೋಲಕದ ಪ್ರಯೋಗ ಗೊತ್ತು. ದಾರಕ್ಕೆ ಗುಂಡು ಕಟ್ಟಿ ತೂಗಿಸಿ, ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ಅಳೆದು, ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಉತ್ತರ 9.8ರ ಹತ್ತಿರ ಬರಬೇಕೆಂದು ಮೊದಲೇ ಗೊತ್ತು. ಲೆಕ್ಕ 9.3 ಎಂದು ಬಂದರೆ ಕೆಲವರು ಮೆಲ್ಲನೆ ರಬ್ಬರ್ ತೆಗೆದು ಸೆಕೆಂಡುಗಳನ್ನೇ ತಿದ್ದುತ್ತಾರೆ. ಒಳ್ಳೆಯ ವಿದ್ಯಾರ್ಥಿ ಕಂಡದ್ದನ್ನೇ ಬರೆದು, ವ್ಯತ್ಯಾಸಕ್ಕೆ ಕಾರಣವನ್ನು ಕೆಳಗೆ ಸೇರಿಸುತ್ತಾನೆ. ಹತ್ತು ಓದುಗಳೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಆಗಿರುವ ದಾಖಲೆ ಪುಸ್ತಕ ಕಂಡರೆ ಅನುಭವಿ ಪರೀಕ್ಷಕರ ಹುಬ್ಬೇರುವುದು ಅದಕ್ಕೇ.

ಕಾನೂನೂ ಅದನ್ನೇ ಹೇಳುತ್ತದೆ. ಕೆನಡಾದ ವಲಸೆ ಕಾನೂನಿನ 40ನೇ ಕಲಮಿನಂತೆ, ಮುಖ್ಯ ಸಂಗತಿಯೊಂದನ್ನು ಮುಚ್ಚಿಟ್ಟರೆ ಅಥವಾ ಸುಳ್ಳು ಹೇಳಿದರೆ ಬಾಗಿಲು ಐದು ವರ್ಷ ಮುಚ್ಚುತ್ತದೆ. 2014ಕ್ಕೆ ಮೊದಲು ಅದು ಎರಡು ವರ್ಷವಿತ್ತು. ಕಾಗದವನ್ನು ಹುಟ್ಟಿಸಿದವನು ಏಜೆಂಟನಾದರೂ ರುಜು ಹಾಕಿದವರೇ ಅದಕ್ಕೆ ಉತ್ತರ ಹೇಳಬೇಕು. ಹೆಸರಿನ ವ್ಯತ್ಯಾಸ ವಿವರಣೆಯಿಂದ ಪರಿಹಾರವಾಗುವ ಸಮಸ್ಯೆ. ಸುಳ್ಳು ಜನನ ಪತ್ರ ಹಾಗಲ್ಲ.

ಹಾಗಾಗಿ ಅವಳು ಒಂದು ಹಾಳೆಯಲ್ಲಿ ವಿವರಣೆ ಬರೆದಳು. ಯಾವ ಕಾಗದದಲ್ಲಿ ಅಪ್ಪನ ಹೆಸರು ಹೇಗಿದೆ, ಏಕೆ ಹಾಗಿದೆ, ನಾಲ್ಕೂ ಒಬ್ಬರದೇ ಎಂಬುದಕ್ಕೆ ಏನು ಆಧಾರ ಎಂದು ಸಾಲುಸಾಲಾಗಿ ಬರೆದಳು. ನಾಲ್ಕೂ ಹೆಸರಿನ ವ್ಯಕ್ತಿ ತಾನೇ ಎಂದು ಅಪ್ಪ ನೋಟರಿಯ ಮುಂದೆ ಅಫಿಡವಿಟ್ ಮಾಡಿದರು. ಜೊತೆಗೆ ಗಣಿಯ ಸೇವಾ ಪುಸ್ತಕದ ಪ್ರತಿ, ಶಾಲೆಯ ದಾಖಲಾತಿ ರಿಜಿಸ್ಟರಿನ ಉದ್ಧೃತ ಭಾಗ. ಕನ್ನಡದಲ್ಲೂ ತಮಿಳಿನಲ್ಲೂ ಇದ್ದ ಕಾಗದಗಳನ್ನು ಇಂಗ್ಲಿಷಿಗೆ ಮಾಡಿಸಬೇಕಿತ್ತು. ಅವಳಿಗೇ ಇಂಗ್ಲಿಷ್ ಬರುತ್ತಿದ್ದರೂ ಅರ್ಜಿದಾರರಾಗಲಿ ಮನೆಯವರಾಗಲಿ ಅನುವಾದಿಸುವಂತಿಲ್ಲ. ಬೇರೆಯವರಿಂದ ಮಾಡಿಸಿ ಅವರ ಪ್ರಮಾಣವನ್ನೂ ಲಗತ್ತಿಸಬೇಕು. ಸಂಜೆ ಅಪ್ಪ ಸೇವಾ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಟ್ರಂಕಿನಲ್ಲಿಟ್ಟರು. ಅವರ ಹೆಸರು ಅವರು ಹೇಳುವಂತೆಯೇ ಇದ್ದ ಕಾಗದ ಅದೊಂದೇ.

ಇನ್ನೊಂದು ನಮೂನೆ ಕಳೆದ ಹತ್ತು ವರ್ಷದ ಲೆಕ್ಕ ಕೇಳುತ್ತದೆ. ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ತಿಂಗಳಿಗೆ ತಿಂಗಳು ಕೂಡಬೇಕು, ನಡುವೆ ತೂತು ಬೀಳಬಾರದು. ಪದವಿಯ ನಂತರ ಅಮ್ಮನಿಗೆ ಕಾಯಿಲೆಯಾಗಿ ಅವಳು ಹನ್ನೊಂದು ತಿಂಗಳು ಮನೆಯಲ್ಲೇ ಇದ್ದಳು. ಓದಿದ ಹುಡುಗಿ ಸುಮ್ಮನಿದ್ದಳು ಎಂದು ಬರೆಯಲು ನಾಚಿಕೆ. ಯಾವುದೋ ಟ್ಯೂಷನ್ ಕೇಂದ್ರದ ಹೆಸರು ತುಂಬಿಸಬಹುದಿತ್ತು. ಅವಳು ಉದ್ಯೋಗವಿರಲಿಲ್ಲ, ತಾಯಿಯ ಆರೈಕೆ ಎಂದು ಬರೆದಳು. ಅಲ್ಲಿ ಅದು ಅವಮಾನದ ಉತ್ತರವಲ್ಲ. ಬರೀ ಒಂದು ಉತ್ತರ.

ಐದು ವಾರದ ಸಹವಾಸವನ್ನೂ ಹಿಗ್ಗಿಸಲಿಲ್ಲ. ಸಂಬಂಧದ ಬಗೆಗಿನ ನಮೂನೆಯಲ್ಲಿ ಪ್ರಶ್ನೆಗಳ ಸಾಲೇ ಇದೆ. ಮೊದಲು ಭೇಟಿಯಾದದ್ದು ಎಲ್ಲಿ? ಪರಿಚಯಿಸಿದವರು ಯಾರು? ಮದುವೆಗೆ ಯಾರು ಬಂದಿದ್ದರು? ಹಿರಿಯರು ಗೊತ್ತುಮಾಡಿದ ಮದುವೆಯಾದರೂ ಅಡ್ಡಿಯಿಲ್ಲ, ಅದನ್ನು ಹಾಗೆಯೇ ಹೇಳಬೇಕು. ಫೋಟೋಗಳಿಗೂ ಪುಟಗಳಿಗೂ ಮಿತಿಯುಂಟು. ಬೀಗರ ಮನೆಯವರು ಮಂಟಪದ ಆಲ್ಬಂ ಪೂರ್ತಿ ಕಳಿಸಬೇಕೆಂದರು. ಅವಳು ಧಾರೆಯದು ಎರಡು, ಎರಡೂ ಮನೆಯವರು ಕೂಡಿದ್ದು ಮೂರು ತೆಗೆದಿಟ್ಟು, ಉಳಿದ ಜಾಗಕ್ಕೆ ಬಂಗಾರಪೇಟೆಯ ಬೀದಿಯಲ್ಲಿ ಬಿಳಿ ನೀರಿನ ಪಾನಿಪುರಿ ತಿನ್ನುವಾಗ ನಾದಿನಿ ಹಿಡಿದ ಚಿತ್ರ ಹಾಕಿದಳು. ಖಾರಕ್ಕೆ ಗಂಡನ ಕಣ್ಣಲ್ಲಿ ನೀರು, ಅವಳ ಮುಖದಲ್ಲಿ ನಗು. ಟೊರಾಂಟೊ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಅವನು ರಾತ್ರಿಯೂಟ ಮುಗಿಸಿದಾಗ ಇಲ್ಲಿ ಬೆಳಗಿನ ಕಾಫಿ. ದಿನವೂ ಅದೇ ಹೊತ್ತಿಗೆ ಬಂದ ಕರೆಗಳ ಪಟ್ಟಿ, ಅತ್ತೆಗೆ ಔಷಧಿ ತರಲು ಅವನು ಕಳಿಸಿದ ಹಣದ ರಸೀತಿ, ವಿಮಾನದ ಟಿಕೆಟ್ಟು, ಇವೂ ಸೇರಿದವು.

ಕೊನೆಗೆ ಉಳಿದದ್ದು ದೇಹದ ಸಾಕ್ಷಿ. ಪೊಲೀಸ್ ಪ್ರಮಾಣಪತ್ರ, ಬೆಂಗಳೂರಿನಲ್ಲಿ ಬೆರಳಚ್ಚು, ಅವರು ಗೊತ್ತುಪಡಿಸಿದ ವೈದ್ಯರಲ್ಲಿ ತಪಾಸಣೆ. ಕೆ.ಜಿ.ಎಫ್.ಗೆ ಇವೆರಡೂ ಹಳೆಯ ಪರಿಚಯ. ಗಣಿಯವರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂದಾಗ, 1930ರಲ್ಲಿ ಇಲ್ಲಿನ ಕಾರ್ಮಿಕರು ಸುಮಾರು ಮೂರು ವಾರ ಮುಷ್ಕರ ಹೂಡಿದ್ದರು. ಎದೆಯ ಎಕ್ಸ್-ರೇ ಅಪ್ಪನಿಗೆ ಗೊತ್ತಿದ್ದದ್ದು ಬೇರೆ ಕಾರಣಕ್ಕೆ. ಬೆಣಚುಕಲ್ಲಿನ ಸಣ್ಣ ದೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್ ಗಣಿಯವರ ಕಾಯಿಲೆ. ಮಗಳ ಎಕ್ಸ್-ರೇಯಲ್ಲಿ ವೈದ್ಯರು ಹುಡುಕುವುದು ಮುಖ್ಯವಾಗಿ ಕ್ಷಯವನ್ನು. "ನಿನ್ನ ಎದೇಲಿ ಗಣಿ ಇರಲ್ಲ, ಹೆದರಬೇಡ" ಎಂದರು ಅಪ್ಪ.

ಈಗ ಇಂಥ ಅರ್ಜಿ ಅಂಚೆಯಲ್ಲಿ ಹೋಗುವುದಿಲ್ಲ, ಸ್ಕ್ಯಾನ್ ಮಾಡಿ ಕಂಪ್ಯೂಟರಿಗೇರಿಸಬೇಕು. ಅರ್ಜಿ ಹೋಗಿದೆ, ಉತ್ತರ ಬರಬೇಕಾಗಿದೆ. ಅದು ಏನೇ ಬರಲಿ, ಅದರಲ್ಲಿರುವ ಯಾವ ಸಾಲನ್ನು ಯಾರು ಕೇಳಿದರೂ ಅವಳು ಉರುಹೊಡೆಯದೆ ಉತ್ತರ ಹೇಳಬಲ್ಲಳು.

ಎಲ್ಲ ಮಕ್ಕಳೂ ವಿದೇಶಕ್ಕೆ ಹೋಗುವುದಿಲ್ಲ. ಆದರೆ ಎಲ್ಲರ ಹೆಸರೂ ಒಂದು ದಿನ ಯಾವುದೋ ಮೇಜಿನ ಮೇಲೆ ಪರೀಕ್ಷೆಗೆ ಬೀಳುತ್ತದೆ. ಪೋಷಕರು ಇಂದೇ ಮಾಡಬಹುದಾದ ಕೆಲಸವಿದು: ಮಗುವಿನ ಜನನ ಪತ್ರ, ಶಾಲೆಯ ದಾಖಲೆ, ಆಧಾರ್ ಮೂರನ್ನೂ ಒಟ್ಟಿಗೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡುವುದು. ಜನನ ಪತ್ರದಲ್ಲಿ ಮಗುವಿನ ಹೆಸರೇ ಖಾಲಿಯಿದ್ದರೆ, ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಹದಿನೈದು ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರ್ 1ರಂದು ಮತ್ತು ಆನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮದುವೆ ನೋಂದಣಿಗಳಿಗೆಲ್ಲ ಜನನ ಪತ್ರವೇ ಜನ್ಮದಿನಾಂಕದ ಆಧಾರವೆಂದು ಕಾನೂನು ತಿದ್ದುಪಡಿಯಾಗಿದೆ. ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ಕಳಿಸುವ ಮುನ್ನ ಶಾಲೆಯಲ್ಲಿ ಪಟ್ಟಿಯನ್ನು ಮಕ್ಕಳಿಗೆ ತೋರಿಸಿ ಸಹಿ ಹಾಕಿಸುತ್ತಾರೆ. ಆಗ ಪಕ್ಕದವನ ಜೊತೆ ಹರಟದೆ, ಒಂದು ನಿಮಿಷ ನಿಂತು, ಅಪ್ಪ ಅಮ್ಮನ ಹೆಸರುಗಳನ್ನೂ ಓದಿ ಸಹಿ ಹಾಕಿದರೆ ಸಾಕು. ಮುಂದೊಂದು ದಿನ ಒಂದು ಅಫಿಡವಿಟ್ ಉಳಿದೀತು.