ಒದ್ದು ನೋಡಿದ ಟೈರು

'ಕಣ್ಣಂದಾಜು ಬೇಡ, ಅಳೆದು ನೋಡಿ' ಎಂದು ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತ ಬಂದವನು ನಾನು. ಅದೇ ಮೇಷ್ಟ್ರು ಹೆದ್ದಾರಿಯ ಬದಿಯಲ್ಲಿ ನಿಂತು, ಕಾರಿನ ಟೈರನ್ನು ಕಾಲಿನಿಂದ ಒದ್ದು, 'ಗಾಳಿ ಇದೆ, ನಡೀರಿ' ಎಂದು ತೀರ್ಪು ಕೊಟ್ಟ ಕತೆ ಇದು.

ನನ್ನ ಕಾಲದ ಪಂಕ್ಚರ್ ಎಂದರೆ ಬಚ್ಚಿಡಲಾಗದ ಸಂಗತಿ. ಸ್ಕೂಟರ್ ಕುಡಿದವನಂತೆ ವಾಲಾಡುತ್ತಿತ್ತು, ಇಳಿದು ನೋಡಿದರೆ ಟೈರು ರೊಟ್ಟಿಯಂತೆ ನೆಲಕ್ಕಂಟಿರುತ್ತಿತ್ತು. ಬೆನ್ನಿಗೆ ಸ್ಟೆಪ್ನಿ ಇದ್ದರೆ ಹಾಕಿಕೊಳ್ಳುವುದು, ಇಲ್ಲದಿದ್ದರೆ ಮರಕ್ಕೆ ಹಳೇ ಟೈರು ನೇತುಹಾಕಿದ ಅಂಗಡಿ ಸಿಗುವ ತನಕ ತಳ್ಳುವುದು. ಈ ಸ್ಟೆಪ್ನಿ ಎಂಬ ಹೆಸರು ಬಂದದ್ದು ವೇಲ್ಸ್ ದೇಶದ ಲ್ಯಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರ ಸುಮಾರಿಗೆ ಅಲ್ಲಿ ಇಬ್ಬರು ಸೋದರರು ಬಿಡಿ ಚಕ್ರ ಮಾಡಿ ಮಾರತೊಡಗಿದರು. ಆ ಕಂಪನಿ ಹೋಯಿತು, ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು.

ನನ್ನ ಅಳಿಯನ ಕಾರಿನಲ್ಲಿ ಆ ಸ್ಟೆಪ್ನಿಯೇ ಇಲ್ಲ. ಡಿಕ್ಕಿ ಎತ್ತಿ ಹುಡುಕಿ ಸೋತು ಕೇಳಿದರೆ, 'ಇದು ರನ್ ಫ್ಲಾಟ್ ಟೈರು ಮಾವ, ಗಾಳಿ ಪೂರ್ತಿ ಹೋದರೂ 80 ಕಿಲೋಮೀಟರ್ ಓಡುತ್ತದೆ, ವೇಗ ಮಾತ್ರ ಗಂಟೆಗೆ 80 ದಾಟಬಾರದು' ಎಂದ. ಸಾಮಾನ್ಯ ಟೈರಿನಲ್ಲಿ ಕಾರಿನ ಭಾರ ಹೊರುವುದು ಒಳಗಿನ ಗಾಳಿ, ರಬ್ಬರು ಬರೀ ಚೀಲ. ಇದರಲ್ಲಾದರೋ ಪಕ್ಕದ ಗೋಡೆಗೇ ದಪ್ಪ ರಬ್ಬರಿನ ಆಸರೆ ಕೊಟ್ಟಿರುತ್ತಾರೆ. ಗಾಳಿ ಹೋದರೆ ಗೋಡೆಯೇ ಕಾರನ್ನು ಹೊರುತ್ತದೆ. ಚೆನ್ನಾಗಿದೆಯಲ್ಲ ಎಂದುಕೊಂಡೆ.

ಪುತ್ತೂರಿನಲ್ಲಿ ನೆಂಟರ ಮನೆಯ ಮದುವೆ. ಬೆಂಗಳೂರಿನಿಂದ ಅಳಿಯ, ಮಗಳು, ನಾಲ್ಕು ವರ್ಷದ ಮೊಮ್ಮಗಳು, ನಾನು ಹೊರಟಿದ್ದೆವು. ಡಿಕ್ಕಿ ತುಂಬ ಸಾಮಾನು. ಹಾಸನ ದಾಟಿ, ಸಕಲೇಶಪುರಕ್ಕೆ ಇನ್ನು ಹತ್ತು ಕಿಲೋಮೀಟರ್ ಇದೆ ಎನ್ನುವಾಗ ಅಳಿಯನ ಮುಂದೆ ಹಳದಿ ದೀಪ ಹತ್ತಿತು. ಕುದುರೆ ಲಾಳದಂಥ ಚಿತ್ರ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಇಳಿದು ನೋಡಿದೆವು. ನಾಲ್ಕು ಟೈರುಗಳೂ ಒಂದೇ ಥರ, ದುಂಡಗೆ ನಿಂತಿದ್ದವು. ಆಗಲೇ ನಾನು ಒದ್ದದ್ದು.

ಸಕಲೇಶಪುರದಲ್ಲಿ ಅಳಿಯ ಪಂಕ್ಚರ್ ಅಂಗಡಿಯ ಮುಂದೆ ಕಾರು ನಿಧಾನ ಮಾಡಿದ. ನನಗೆ ರಾತ್ರಿ ಊಟದ ಹೊತ್ತಿಗೆ ತಲುಪುವ ಆತುರ. 'ಆದದ್ದು ಹತ್ತು, ನೆಲ್ಯಾಡಿಗೆ ಸುಮಾರು ಅರವತ್ತು, ಒಟ್ಟು ಎಪ್ಪತ್ತು. ಎಂಬತ್ತರ ಒಳಗೇ ಆಯಿತಲ್ಲ? ಘಟ್ಟ ಇಳಿದೇ ನೋಡೋಣ' ಎಂದೆ. ಮಾವನ ಮಾತಿಗೆ, ಅದರಲ್ಲೂ ವಿಜ್ಞಾನದ ಮೇಷ್ಟ್ರ ಮಾತಿಗೆ, ಎದುರಾಡುವ ಅಳಿಯ ಅವನಲ್ಲ.

ಶಿರಾಡಿ ಘಾಟಿಯ ತಿರುವುಗಳಲ್ಲಿ ಕಾರು ಒಂದು ಬದಿಗೆ ಎಳೆಯತೊಡಗಿತು. ಗುಂಡ್ಯ ಸಮೀಪಿಸುವಾಗ ಮೊಮ್ಮಗಳು, 'ಅಜ್ಜಾ, ಏನೋ ಸುಟ್ಟ ವಾಸನೆ' ಎಂದಳು. ಅಳಿಯ ನನ್ನನ್ನು ಕೇಳದೆ ಕಾರು ನಿಲ್ಲಿಸಿದ. ಟೈರಿನ ಹತ್ತಿರ ಅಂಗೈ ಹಿಡಿದರೆ ಒಲೆಯ ಝಳ. ಅದೇ ಹೊತ್ತಿಗೆ ಲಾರಿಯೊಂದು ನಮ್ಮನ್ನು ಸವರಿಕೊಂಡೇ ಇಳಿದುಹೋಯಿತು. ಆ ಟೈರು ತಿರುವಿನಲ್ಲೇ ಕೈಕೊಟ್ಟಿದ್ದರೆ? ಹಿಂದಿನ ಸೀಟಿನಲ್ಲಿ ಮಗು ಬೊಂಬೆಗೆ ತಲೆ ಬಾಚುತ್ತಿತ್ತು.

ಕಾರನ್ನು ಮತ್ತೊಂದು ವಾಹನದ ಮೇಲೇರಿಸಿ ಉಪ್ಪಿನಂಗಡಿಗೆ ತಂದೆವು. ಈ ಟೈರಿನ ಗೋಡೆ ಗಟ್ಟಿಯಾದ್ದರಿಂದ ಚಕ್ರದಿಂದ ಬಿಡಿಸುವುದೇ ಒಂದು ಸಾಹಸ. ಕೈಸಲಾಕೆ ಸಾಲದೆ ಯಂತ್ರಕ್ಕೆ ಹಾಕಿ ಇಬ್ಬರು ಹೆಣಗಿದರು. ಬಿಚ್ಚಿದ ಟೈರನ್ನು ಓರೆ ಮಾಡಿದಾಗ ಒಳಗಿನಿಂದ ಕರಿ ಪುಡಿ ಸುರಿಯಿತು. ಗೋಡೆಯ ಒಳಮೈಯಲ್ಲಿ ಸುತ್ತಲೂ ಬಿರುಕಿನ ಬಳೆ. ಅಂಗಡಿಯಾತ ಚಿಕ್ಕ ಮೊಳೆಯೊಂದನ್ನು ಕಿತ್ತು ನನ್ನ ಅಂಗೈಗೆ ಹಾಕಿ, 'ಸಕಲೇಶಪುರದಲ್ಲೇ ನಿಲ್ಲಿಸಿದ್ದರೆ ಟೈರು ಉಳೀತಿತ್ತೋ ಏನೋ ಸಾರ್. ಈಗ ನಾನು ಪ್ಯಾಚ್ ಹಾಕಿದರೆ ನಿಮಗೆ ಮೋಸ ಮಾಡಿದ ಹಾಗೆ' ಎಂದ.

ನನಗೆ ತರಗತಿ ನೆನಪಾಯಿತು. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬೇಗ ಬೇಗ ಬಗ್ಗಿಸಿ, ಬಗ್ಗಿದ ಜಾಗ ಮುಟ್ಟಿ ನೋಡಿ ಎಂದು ಮಕ್ಕಳಿಗೆ ನಾನೇ ಮಾಡಿಸುವ ಪ್ರಯೋಗ. ಮೊದಲು ಬಿಸಿಯಾಗುತ್ತದೆ, ಆಮೇಲೆ ಮುರಿಯುತ್ತದೆ. ಟೈರಿನ ಸುತ್ತಳತೆ ಸುಮಾರು ಎರಡು ಮೀಟರ್ ಎನ್ನಿ. ಕಿಲೋಮೀಟರಿಗೆ ಐನೂರು ಸುತ್ತು, ಐವತ್ತು ಕಿಲೋಮೀಟರಿಗೆ ಇಪ್ಪತ್ತೈದು ಸಾವಿರ. ಪ್ರತಿ ಸುತ್ತಿಗೂ ಆ ಗೋಡೆ ಒಮ್ಮೆ ಮಡಚಿ ನೆಟ್ಟಗಾಗಬೇಕು. ಮೇಲೆ ಡಿಕ್ಕಿಯ ಭಾರ, ಘಟ್ಟದ ತಿರುವು, ಬ್ರೇಕಿನ ಬಿಸಿ. 80 ಎಂಬುದು ಹತ್ತಿರದ ಅಂಗಡಿ ತಲುಪಲಿ ಎಂದು ಕೊಟ್ಟ ಅವಕಾಶ, ಮದುವೆ ಮನೆ ತಲುಪಲಿ ಎಂದಲ್ಲ. ನಾನು ಅದನ್ನು ಖರ್ಚು ಮಾಡಲೇಬೇಕಾದ ಹಣದಂತೆ ಎಣಿಸಿದ್ದೆ.

ಆಮೇಲೆ ಕೇಳಿ ತಿಳಿದದ್ದು ಇಷ್ಟು. ಇಂಥ ಟೈರಿನ ರಿಪೇರಿಯನ್ನು ಕೆಲವು ತಯಾರಕರು ಒಪ್ಪುವುದೇ ಇಲ್ಲ. ಒಪ್ಪುವವರು ಕೂಡ ರಸ್ತೆಗೆ ತಾಗುವ ಭಾಗದಲ್ಲಿ, ತೂತು ಸುಮಾರು 6 ಮಿಲಿಮೀಟರ್ ಮೀರದಿದ್ದರೆ, ಗಾಳಿಯಿಲ್ಲದೆ ಓಡಿಸಿರದಿದ್ದರೆ ಮಾತ್ರ ಎನ್ನುತ್ತಾರೆ. ಹೊರಗಿನಿಂದ ಬತ್ತಿ ತುರುಕಿದರೆ ಸಾಲದು. ಬಿಚ್ಚಿ, ಒಳಗೆ ನೋಡಿ, ಒಳಗಿನಿಂದಲೇ ಮುಚ್ಚಬೇಕು. ಹೊಸ ಟೈರು ಮರುದಿನ ಮಂಗಳೂರಿನಿಂದ ಬಂತು. ಬೆಲೆ ಮಾಮೂಲಿ ಟೈರಿನ ಎರಡರಷ್ಟು. ಹಣ ಕೊಡಲು ಹೋದರೆ ಅಳಿಯ ತೆಗೆದುಕೊಳ್ಳಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಟೈರನ್ನು ನಾನು ದೂರುವುದಿಲ್ಲ. ನಡುದಾರಿಯಲ್ಲಿ ಕೈಬಿಡದೆ ಅಷ್ಟು ದೂರ ಹೊತ್ತು ತಂದದ್ದು ಅದೇ. ಆದರೆ ತನ್ನ ಗಾಯವನ್ನು ತೋರಿಸಿಕೊಳ್ಳದ ವಸ್ತುವನ್ನು ಇನ್ನಷ್ಟು ಜಾಗರೂಕತೆಯಿಂದ ನೋಡಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು ದಿನಾ ಪಾದ ನೋಡಿಕೊಳ್ಳಬೇಕೆಂದು ವೈದ್ಯರು ಹೇಳುವುದೂ ಇದಕ್ಕೇ ತಾನೆ? ನೋವು ಸತ್ತ ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಕಾರಿಗೆ ಆ ಹಳದಿ ದೀಪವೇ ನೋವು. ನಾನು ಅದಕ್ಕಿಂತ ನನ್ನ ಚಪ್ಪಲಿಯನ್ನು ನಂಬಿದೆ.

ಈಗ ನನ್ನ ಚೀಲದಲ್ಲಿ ಗಾಳಿಯ ಒತ್ತಡ ಅಳೆಯುವ ಪುಟ್ಟ ಮೀಟರ್ ಇದೆ. ಅಳಿಯನ ಕಾರು ಹೊರಡುವ ಮುನ್ನ ಮೊಮ್ಮಗಳು ಓಡಿಬಂದು ಟೈರಿಗೊಂದು ಒದೆ ಕೊಟ್ಟು, ನನ್ನದೇ ಗತ್ತಿನಲ್ಲಿ, 'ಗಾಳಿ ಇದೆ, ನಡೀರಿ' ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನಾನು ಮಾತಾಡದೆ ಮೀಟರ್ ತೆಗೆದು, ಕುಕ್ಕರುಗಾಲಲ್ಲಿ ಕೂತು, ನಾಲ್ಕೂ ಚಕ್ರ ಅಳೆಯುತ್ತೇನೆ.