ನೀರಿನೊಳಗಿನ ಗಾಳಿ

ಗಾಳಿಯಿಲ್ಲದೆ ಒಂದು ಗಳಿಗೆಯೂ ಬದುಕಲಾರದ ನಮಗೆ, ಗಾಳಿ ಹೊಕ್ಕರೆ ಕೆಡುವ ವಸ್ತುವೂ ಉಂಟೆಂದರೆ ನಂಬುವುದು ಕಷ್ಟ. ಮೋಟಾರುಗಾಡಿಯ ನೀರಿನ ಕೊಳವೆಗಳು ಅಂಥವು. ಈ ಜ್ಞಾನ ನನಗೆ ಯಾವ ಗ್ರಂಥದಿಂದಲೂ ಬಂದುದಲ್ಲ. ಶಿವಮೊಗ್ಗೆಯ ಸವಳಂಗ ರಸ್ತೆಯಲ್ಲಿ, ಒಂದು ತಗಡಿನ ಮಾಡಿನ ಕೆಳಗೆ, ಹಳೆಯ ಟೈರಿನ ಮೇಲೆ ಕುಳಿತು ಪಡೆದ ಪಾಠ.

ನನ್ನ ಕಾರು ಸಣ್ಣದು. ವಯಸ್ಸಿನಲ್ಲಿ ಮಾತ್ರ ದೊಡ್ಡದು. ನವುಲೆಯ ಎಂಜಿನಿಯರಿಂಗ್ ಕಾಲೇಜಿನ ಮುಂದೆ ಬರುವಾಗ ಶಾಖದ ಮುಳ್ಳು ನೆಟ್ಟಗೆ ಮೇಲೇರಿತು, ಬಾನೆಟ್ಟಿನ ಸಂದಿಯಿಂದ ಹಬೆ ಹೊರಟಿತು. ಕಾಲೇಜಿನೊಳಗೆ ನೂರಾರು ಮಂದಿ ಎಂಜಿನಿಯರುಗಳಾಗುತ್ತಿದ್ದರು. ಹೊರಗೆ ನನ್ನ ನೆರವಿಗೆ ಬಂದವನು ಎಳನೀರು ಮಾರುವವನು. “ಮುಚ್ಚಳ ಮುಟ್ಟಬೇಡಿ ಸಾರ್, ಮುಖ ಬೆಂದುಹೋದೀತು” ಎಂದ. ಅದು ನಮ್ಮ ಅಡಿಗೆಮನೆಯ ಕುಕ್ಕರಿನ ನ್ಯಾಯವೇ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸಾಧುವಿನಂತೆ ಕುಳಿತಿರುತ್ತದೆ. ಮುಚ್ಚಳ ತೆರೆದೊಡನೆ ಹಬೆಯಾಗಿ ಮೈಮೇಲೆ ಎರಗುತ್ತದೆ.

ಬೇರೆ ದಿನವಾಗಿದ್ದರೆ ಗಾಡಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆಯುತ್ತಿದ್ದೆ. ಆದರೆ ಮಾರನೆಯ ದಿನ ಅಕ್ಕನನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ತಿಂಗಳ ಮುಂಚೆಯೇ ಗೊತ್ತುಮಾಡಿದ ದಿನ. 78 ವರ್ಷದ ಅವಳಿಗೆ ಬಸ್ಸು ಆಗದು. ಆಗುಂಬೆಯ 14 ತಿರುವುಗಳನ್ನು ಇಳಿಯುವುದು ಹೇಗೋ ಆದೀತು; ಮರಳಿ ಏರಬೇಕಲ್ಲ!

ಹಗ್ಗ ಕಟ್ಟಿ ಎಳೆಸಿಕೊಂಡು ಹೋದೆ. ಮೇಸ್ತ್ರಿ ಇಣುಕಿ ನೋಡಿ, “ರೇಡಿಯೇಟರ್ ಸೀಳಿದೆ ಸಾರ್, ಹೊಸದೇ ಆಗಬೇಕು” ಎಂದರು. ಬೆಸುಗೆ ಹಾಕಬಾರದೇ ಎಂದು ಕೇಳಿದೆ. ಅವರು ಉತ್ತರ ಕೊಡದೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಬೆಸುಗೆಯ ದೀಪವನ್ನು ತೋರಿಸಿದರು. ಅದರ ಮೇಲೆ ಜೇಡ ಬಲೆ ಕಟ್ಟಿತ್ತು. ತಾಮ್ರ ಹಿತ್ತಾಳೆಯ ರೇಡಿಯೇಟರುಗಳಿದ್ದ ಕಾಲದಲ್ಲಿ ಅವರ ಕೈಗೆ ಬಿಡುವಿರಲಿಲ್ಲವಂತೆ. ಈಗಿನವಕ್ಕೆ ಅಲ್ಯೂಮಿನಿಯಮ್ಮಿನ ಒಡಲು, ಪ್ಲಾಸ್ಟಿಕ್ಕಿನ ತೊಟ್ಟಿ. ಸೀಳಿದರೆ ಎಸೆಯುವುದೇ ಗತಿ. ಹಗುರವೂ ಹೌದು, ಅಗ್ಗವೂ ಹೌದು. ಆದರೆ ಒಬ್ಬ ಮನುಷ್ಯನ ಕೈಚಳಕ ಮೊಳೆಗೆ ನೇತುಬಿದ್ದಿತ್ತು ಎಂಬುದೂ ನಿಜ.

ಈ ಜೇನುಗೂಡಿನಂಥ ಪೆಟ್ಟಿಗೆಯನ್ನು ಮೊದಲು ಮಾಡಿದವನು ಜರ್ಮನಿಯ ಮೈಬಾಖ್, 1900ರಲ್ಲಿ. ಅವನ ಪೆಟ್ಟಿಗೆಯಲ್ಲಿ 8,070 ಪುಟ್ಟ ಕೊಳವೆಗಳಿದ್ದುವು. ಮೇಸ್ತ್ರಿಗೆ ಇದನ್ನು ಹೇಳಿದೆ. “ಅಷ್ಟಕ್ಕೂ ಬೆಸುಗೆ ಹಾಕಿದವರಾರು ಸಾರ್?” ಎಂದು ಕೇಳಿದರು. ಚರಿತ್ರೆ ಬರೆದವರು ಕೇಳಬೇಕಾಗಿದ್ದ ಪ್ರಶ್ನೆ. ಅವರ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1923ರಲ್ಲಿ ಮೊದಲು ಉರಿದ ಆ ಕುಲುಮೆಗೂ ಬೆಂಕಿಯಷ್ಟೇ ನೀರೂ ಬೇಕಿತ್ತೆಂದು ತಂದೆ ಹೇಳುತ್ತಿದ್ದರಂತೆ.

ಎಂಜಿನ್ ಆರಿದ ಮೇಲೆ ಹಳೆಯ ಹಸಿರು ದ್ರವವನ್ನು ಬೋಗುಣಿಗೆ ಇಳಿಸಿದರು. ಚರಂಡಿಗೆ ಚೆಲ್ಲಲಿಲ್ಲ. ಅದು ಸಿಹಿ, ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಹುಡುಗ ಬಿ.ಎಚ್. ರಸ್ತೆಯಿಂದ ಹೊಸ ರೇಡಿಯೇಟರ್ ತಂದ. ಬೋಲ್ಟು, ಕೊಳವೆ, ಕ್ಲಿಪ್ಪು ಎಲ್ಲವೂ ಅರ್ಧ ಗಂಟೆಯಲ್ಲಿ ಕೂತವು. ನಾನು ಜೇಬಿಗೆ ಕೈ ಹಾಕಿದೆ.

“ಈಗ ತಾನೇ ಕೆಲಸ ಶುರು ಸಾರ್” ಎಂದರು ಮೇಸ್ತ್ರಿ.

ಗಾಳಿ ತೆಗೆಯಬೇಕಂತೆ! ಕೊಳವೆಯ ಮೇಲಿನ ಡೊಂಕುಗಳಲ್ಲಿ ಗಾಳಿ ಅಡಗಿರುತ್ತದೆ. ಅದು ಇದ್ದಲ್ಲಿ ನೀರು ಸುಳಿಯದು, ಎಂಜಿನ್ನಿನ ತಲೆ ಒಳಗೊಳಗೇ ಬೇಯುತ್ತದೆ. ತಮಾಷೆಯೆಂದರೆ ಶಾಖ ಅಳೆಯುವ ಕಡ್ಡಿಯೂ ಗಾಳಿಯಲ್ಲೇ ನಿಂತಿದ್ದರೆ ಮುಳ್ಳು ಏರುವುದೇ ಇಲ್ಲ. ಘಟ್ಟದ ಅರ್ಧದಲ್ಲಿ ಗಾಡಿ ನಿಂತಾಗಲೂ “ಎಲ್ಲಾ ಕ್ಷೇಮ” ಎಂದೇ ತೋರಿಸುತ್ತಿರುತ್ತದೆ!

ಮುಂದಿನ ಚಕ್ರಗಳನ್ನು ಹಲಗೆಯ ಮೇಲೆ ಹತ್ತಿಸಿ ಗಾಡಿಯ ಮೂತಿಯನ್ನು ಎತ್ತರ ಮಾಡಿದರು. ಮುಚ್ಚಳ ತೆರೆದೇ ಇಟ್ಟು, ಆಲಿಕೆಯಿಂದ ಕೂಲೆಂಟನ್ನು ಮಗುವಿಗೆ ಹಾಲು ಕುಡಿಸುವಷ್ಟು ನಿಧಾನವಾಗಿ ಹೊಯ್ದರು. ಎಂಜಿನ್ ಹಚ್ಚಿ, ಒಳಗಿನ ಹೀಟರನ್ನು ಪೂರ್ತಿ ತಿರುಗಿಸಿ, ಮೇಲಿನ ಕೊಳವೆಯನ್ನು ಹಸುವಿನ ಕೆಚ್ಚಲಿನಂತೆ ಹಿಸುಕತೊಡಗಿದರು. ಗುಳುಗುಳು ಎಂದು ಗುಳ್ಳೆ ಎದ್ದಿತು. ಮಟ್ಟ ಇಳಿಯಿತು, ಮತ್ತೆ ಹೊಯ್ದರು. ಹೀಟರಿನಿಂದ ಇನ್ನೂ ತಣ್ಣನೆಯ ಗಾಳಿಯೇ. ಎಂದರೆ ನೀರು ಅಲ್ಲಿಗೆ ತಲುಪಿಲ್ಲ. ಸಂಜೆಯಾಗುತ್ತಿತ್ತು. ಅಕ್ಕನಿಂದ ಎರಡು ಸಲ ಫೋನು ಬಂತು.

ಸುಮಾರು 80 ಡಿಗ್ರಿ ದಾಟಿದಾಗ ಥರ್ಮೋಸ್ಟಾಟಿನ ಬಾಗಿಲು ತೆರೆಯಿತು. ತಣ್ಣಗಿದ್ದ ಕೊಳವೆ ತಟ್ಟನೆ ಬಿಸಿಯಾಯಿತು, ಒಂದು ದೊಡ್ಡ ಗುಳ್ಳೆ ಉಕ್ಕಿ ಒಡೆಯಿತು. ನನ್ನ ಮುಖಕ್ಕೆ ಬೆಚ್ಚನೆಯ ಗಾಳಿ ಬಡಿಯಿತು. ಶಿವಮೊಗ್ಗೆಯ ಬೇಸಿಗೆಯಲ್ಲಿ ಬಿಸಿಗಾಳಿಗೆ ಇಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು. ಫ್ಯಾನು ತಾನಾಗಿಯೇ ತಿರುಗಿ ನಿಂತ ಮೇಲೆ ಮೇಸ್ತ್ರಿ ಮುಚ್ಚಳ ಹಾಕಿದರು. “ಬೆಳಿಗ್ಗೆ ತಣ್ಣಗಿರುವಾಗ ಒಮ್ಮೆ ನೋಡಿ. ಸ್ವಲ್ಪ ಇಳಿದಿರುತ್ತೆ, ಹೆದರಬೇಡಿ.”

ಬೆಳಗಿನ ಐದಕ್ಕೆ ಟಾರ್ಚು ಹಿಡಿದು ನೋಡಿದೆ. ಎರಡು ಬೆರಳು ಇಳಿದಿತ್ತು. ಅರ್ಧ ಲೋಟದಷ್ಟು ಹೊಯ್ದೆ. ಅಕ್ಕ ಶಾಲು ಹೊದ್ದು, ಕೈಯಲ್ಲಿ ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಅದರ ಕಾಫಿ ಆಯಿತೇನೋ? ಆಗಿದ್ದರೆ ಹೊರಡೋಣ” ಎಂದಳು.